ಹೋದವರ ಎಣಿಕೆ, ಉಳಿದವರ ಸಂಬಳ: ಲಿಥುವೇನಿಯಾದ ಲೆಕ್ಕ ಹಾಕಿದ ಬಗೆ

ಜನ ದೇಶ ಬಿಟ್ಟು ದುಡಿಯಲು ಹೋದರೆ ಉಳಿದವರ ಸಂಬಳ ಏರುತ್ತದೆಯೇ, ಏರಿದರೆ ಯಾರದು? ಇದನ್ನು ಅಳೆಯಲು ನಾನು ಯುರೋಪಿನ ಪುಟ್ಟ ದೇಶ ಲಿಥುವೇನಿಯಾವನ್ನು ಆರಿಸಿಕೊಂಡದ್ದಕ್ಕೆ ಕಾರಣ ಅದರ ತಾರೀಖು. 2004ರ ಮೇ 1ರಂದು ಅದು ಐರೋಪ್ಯ ಒಕ್ಕೂಟ ಸೇರಿತು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಅಂದೇ ಕೆಲಸದ ಬಾಗಿಲು ತೆರೆದವು; ಜರ್ಮನಿ 2011ರ ಮೇವರೆಗೆ ಕಾಯಿಸಿತು. 1990ರ ಸುಮಾರಿಗೆ 37 ಲಕ್ಷದಷ್ಟಿದ್ದ ಜನಸಂಖ್ಯೆ 2021ರ ಜನಗಣತಿಯಲ್ಲಿ 28 ಲಕ್ಷಕ್ಕೆ ಇಳಿದಿತ್ತು. ಇಷ್ಟು ದೊಡ್ಡ ಬದಲಾವಣೆಯಾದರೆ ಅದರ ಗುರುತು ಸಂಬಳದಲ್ಲಿ ಕಾಣಲೇಬೇಕು.

ಮೊದಲು ಕೆಲಸಗಾರರನ್ನು ಗುಂಪು ಮಾಡಬೇಕು. ಶಿಕ್ಷಣದಲ್ಲಿ ಮೂರು ಹಂತ, ಅನುಭವದಲ್ಲಿ ಹತ್ತತ್ತು ವರ್ಷದ ನಾಲ್ಕು ಪಟ್ಟಿ, ಒಟ್ಟು 12 ಗುಂಪು. ದೊಡ್ಡ ದೇಶಗಳ ಅಧ್ಯಯನಗಳಲ್ಲಿ ಐದೈದು ವರ್ಷದ ಪಟ್ಟಿ ಮಾಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಕೆಲವು ಗುಂಪಿನಲ್ಲಿ ಬೆರಳೆಣಿಕೆಯ ಜನ ಉಳಿಯುತ್ತಾರೆ. ಅನುಭವವೆಂದರೆ ವಯಸ್ಸಿನಿಂದ ಓದಿದ ವರ್ಷಗಳನ್ನೂ ಶಾಲೆ ಸೇರುವ ವಯಸ್ಸನ್ನೂ ಕಳೆದದ್ದು. ಪಠ್ಯಪುಸ್ತಕದ ಸೂತ್ರ 6 ಕಳೆಯುತ್ತದೆ, ಆದರೆ ಲಿಥುವೇನಿಯಾದಲ್ಲಿ ಮಕ್ಕಳು ಏಳಕ್ಕೆ ಶಾಲೆ ಸೇರುತ್ತಾರೆ. 7 ಕಳೆಯಿರಿ.

ಕಷ್ಟವಿರುವುದು ಹೋದವರನ್ನು ಎಣಿಸುವಲ್ಲಿ. ದೇಶದ ಸ್ವಂತ ನೋಂದಣಿಯನ್ನು ನಂಬಿದರೆ 2009ರಲ್ಲಿ 22 ಸಾವಿರ ಜನ ಹೋದರು, 2010ರಲ್ಲಿ 83 ಸಾವಿರ. ಒಂದೇ ವರ್ಷದಲ್ಲಿ ಜನ ಗುಳೆ ಎದ್ದರು ಅಂದುಕೊಂಡರೆ ಕೆಟ್ಟಿರಿ. ಕೆಲಸವಿಲ್ಲದ ಖಾಯಂ ನಿವಾಸಿಗಳೂ ಆರೋಗ್ಯ ವಿಮೆಯ ಕಂತು ಕಟ್ಟಲೇಬೇಕೆಂಬ ನಿಯಮ ಬಂದ ಮೇಲೆ, ವರ್ಷಗಳ ಹಿಂದೆಯೇ ಹೋಗಿದ್ದವರು ಆಗ ‘ಹೋದೆವು’ ಎಂದು ಬರೆಸಿದರು. ಹಾಗಾಗಿ ತಲುಪಿದ ದೇಶದ ಲೆಕ್ಕ ಹಿಡಿಯಬೇಕು. ಐರ್ಲೆಂಡಿನ ಜನಗಣತಿಯಲ್ಲಿ ಲಿಥುವೇನಿಯಾದ ಪೌರರು 2006ರಲ್ಲಿ 24,600 ಮಂದಿ, 2011ರಲ್ಲಿ 36,700 ಮಂದಿ. ಜೊತೆಗೆ ವಯಸ್ಸು, ಓದು ಎರಡೂ ಸಿಗುತ್ತವೆ. ಬ್ರಿಟನ್ನಿನಲ್ಲಿ ದುಡಿಯುವವರು ಪಡೆಯುವ ರಾಷ್ಟ್ರೀಯ ವಿಮಾ ಸಂಖ್ಯೆಯ ನೋಂದಣಿ ಬಂದವರನ್ನು ಹೇಳುತ್ತದೆ, ಮರಳಿದವರನ್ನು ಹೇಳುವುದಿಲ್ಲ. ಅದರಿಂದ ಒಟ್ಟು ಮೊತ್ತದ ಏರಿಳಿತವನ್ನಷ್ಟೇ ತೆಗೆದುಕೊಂಡು, ಗುಂಪುಗಳ ಪಾಲನ್ನು ಐರ್ಲೆಂಡಿನ ಗಣತಿಯಿಂದ ಹಂಚಿದೆ. ಎರಡೂ ಕಡೆ ಒಂದೇ ಬಗೆಯವರು ಹೋದರೆಂಬುದು ಇಲ್ಲಿನ ಊಹೆ, ಇದನ್ನು ಮುಚ್ಚಿಡಬಾರದು. ಇನ್ನೊಂದು, ಅಲ್ಲಿನ ಉದ್ಯೋಗದಿಂದ ಗುಂಪು ನಿರ್ಧರಿಸಬೇಡಿ. ಡಿಗ್ರಿ ಮಾಡಿದವರು ಮಾಂಸದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿರಬಹುದು, ತವರಿನಲ್ಲಿ ಖಾಲಿಯಾದದ್ದು ಡಿಗ್ರಿಯ ಜಾಗವೇ.

(ನಮ್ಮ ಕರಾವಳಿಯ ಗಲ್ಫ್ ವಲಸೆಗೆ ಇದನ್ನೇ ಮಾಡಹೊರಟವರಿಗೆ: ಭಾರತದ ವಲಸೆ ಅನುಮತಿಯ ಅಂಕಿ ಮುಖ್ಯವಾಗಿ ಹತ್ತನೇ ತರಗತಿ ದಾಟದವರದು. ಎಂಜಿನಿಯರ್ ಅದರಲ್ಲಿ ಬರುವುದಿಲ್ಲ, ನರ್ಸ್ ಬಂದದ್ದು 2015ರಿಂದ.)

ಸಂಬಳಕ್ಕೆ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗಳಿಕೆಯ ಸಮೀಕ್ಷೆ: 2002, 2006, 2010, 2014, 2018. ದೇಶದ ಹಳೆಯ ನಾಣ್ಯವಾದ ಲಿಟಾಸ್‌ನ ಅಂಕಿಯನ್ನು 3.4528ರಿಂದ ಭಾಗಿಸಿ ಯೂರೋ ಮಾಡಿ, ಬೆಲೆ ಸೂಚ್ಯಂಕದಿಂದ ಸರಿಹೊಂದಿಸಿ. 2019ಕ್ಕೆ ಮುಂದುವರಿಸುವಿರಾದರೆ ಹುಷಾರು: ಮಾಲೀಕರು ಕಟ್ಟುತ್ತಿದ್ದ ಸಾಮಾಜಿಕ ವಿಮೆಯ ವಂತಿಗೆಯ ಬಹುಪಾಲು ಆ ವರ್ಷ ನೌಕರರ ಕಡೆ ಸರಿದು, ಒಟ್ಟು ಸಂಬಳವನ್ನು ಕಾನೂನೇ 1.289ರಿಂದ ಗುಣಿಸಿತು. ಕಾಗದದ ಮೇಲೆ 28.9% ಏರಿಕೆ, ಜೇಬಿಗೆ ಅಷ್ಟೇನೂ ಅಲ್ಲ.

ಇನ್ನು ಸಂಬಳಕ್ಕೂ ಹೋದವರ ಪಾಲಿಗೂ ಇರುವ ನಂಟನ್ನು ರಿಗ್ರೆಶನ್ ಸಮೀಕರಣದಿಂದ ಅಳೆಯಬೇಕು. ಸಮೀಕ್ಷೆಯ ಐದು ಸುತ್ತು, 12 ಗುಂಪು, 60 ಸಾಲು. ಶಿಕ್ಷಣ, ಅನುಭವ, ವರ್ಷ ಇವುಗಳ ಜೋಡಿ ಪರಿಣಾಮಗಳನ್ನೆಲ್ಲ ಸೇರಿಸಿದರೆ 36 ಗುಣಾಂಕ, ಗುಂಪಿನಿಂದ ವಲಸೆ ಹೋದವರ ಪಾಲಿನದು ಇನ್ನೊಂದು. ಸಾಲುಗಳಿಂದ ಗುಣಾಂಕಗಳನ್ನು ಕಳೆದರೆ ಕೈಯಲ್ಲಿ ಉಳಿಯುವ ಸ್ವಾತಂತ್ರ್ಯ (degrees of freedom) 23, ತೀರ ಕಡಿಮೆ. ಒಂದು ಗುಂಪನ್ನು ಬಿಟ್ಟು ಮತ್ತೆ ಓಡಿಸಿದರೆ ಉತ್ತರ ಅಲ್ಲಾಡುವುದೂ ಉಂಟು. ಹನ್ನೆರಡನ್ನೂ ಒಂದೊಂದಾಗಿ ಬಿಟ್ಟು ನೋಡಿ. 2009ರ ಕುಸಿತದಲ್ಲಿ ದೇಶದ ಒಟ್ಟು ಉತ್ಪನ್ನ ಸುಮಾರು 15% ಬಿದ್ದಾಗ ಸಂಬಳ ಇಳಿದದ್ದರಿಂದಲೇ ಜನ ಹೊರಟರು. ಕಾರಣ ಯಾವುದು, ಫಲ ಯಾವುದು ಎಂಬುದು ತಿರುಗುಮುರುಗಾಗುವುದು ಅಲ್ಲೇ.

ಹೆಚ್ಚಿನವರು ಎಡವುವುದು ಸರಾಸರಿಯಲ್ಲಿ. ಒಂದು ಗುಂಪಿನ ಐವರಿಗೆ 300, 300, 400, 500, 1000 ಯೂರೋ ಎನ್ನೋಣ. ಸರಾಸರಿ 500. 300ರವನೊಬ್ಬ ಡಬ್ಲಿನ್‌ಗೆ ಹೋದರೆ ಸರಾಸರಿ 550. ಯಾರಿಗೂ ಒಂದು ಸೆಂಟ್ ಹೆಚ್ಚಾಗಿಲ್ಲ, ‘ವಲಸೆಯಿಂದ 10% ಏರಿಕೆ’ ಎಂದು ವರದಿ ಸಿದ್ಧ! ಹೊರಟವರ ಲಕ್ಷಣಗಳಿಗೆ ತಕ್ಕಂತೆ ಹಳೆಯ ಸುತ್ತಿನವರ ತೂಕ ಬದಲಿಸಿ, ಆಮೇಲೆ ಹೋಲಿಸಬೇಕು.

ಸಂಬಳದ ಅಂತರ ಅಳೆಯಲು, ಕುಟುಂಬಗಳ ಆದಾಯದ ಅಸಮಾನತೆ ಹೇಳುವ ಗಿನಿ ಸೂಚ್ಯಂಕ ಇಲ್ಲಿಗೆ ಒಗ್ಗದು. ಪಿಂಚಣಿ, ವಿದೇಶದಿಂದ ಬರುವ ಹಣ ಎಲ್ಲ ಅದರಲ್ಲಿ ಕಲಸಿರುತ್ತವೆ. 90ನೇ ಮತ್ತು 10ನೇ ಪರ್ಸೆಂಟೈಲ್ ಸಂಬಳದ (ಅಂದರೆ ನೂರಕ್ಕೆ 90 ಜನ, 10 ಜನ ಯಾವ ಸಂಬಳದ ಕೆಳಗಿದ್ದಾರೋ ಅದರ) ಅನುಪಾತ ವಾಸಿ. ಆದರೆ ಕನಿಷ್ಠ ವೇತನ 2008ರಲ್ಲಿ 800 ಲಿಟಾಸ್ ಇದ್ದದ್ದು 2013ರ ಜನವರಿಗೆ 1000 ಆಯಿತು. 2014ರ ಸುತ್ತಿನಲ್ಲಿ ತಳದವರು ಮೇಲೆ ಬಂದಂತೆ ಕಂಡರೆ ಅದಕ್ಕೆ ವಲಸೆಯನ್ನು ಹೊಗಳಲಾಗದು. ಕನಿಷ್ಠ ವೇತನದಲ್ಲೇ ಒತ್ತಾಗಿ ಕೂತವರಲ್ಲಿ ಕೆಲವರಿಗೆ ಉಳಿದ ದುಡ್ಡು ಲಕೋಟೆಯಲ್ಲಿ, ಲೆಕ್ಕಕ್ಕೆ ಸಿಗದೆ ಬರುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳನ್ನಂತೂ ಈ ಸಮೀಕ್ಷೆಗೆ ಸೇರಿಸುವುದು ಐರೋಪ್ಯ ನಿಯಮದಲ್ಲಿ ಕಡ್ಡಾಯವಿರಲಿಲ್ಲ. ಆದ್ದರಿಂದ 10ನೇ ಪರ್ಸೆಂಟೈಲ್ ಕೈಬಿಟ್ಟು, 90 ಮತ್ತು 50ರ ಅನುಪಾತವನ್ನಷ್ಟೇ ಫಲಿತಾಂಶದ ಪಟ್ಟಿಯಲ್ಲಿ ಉಳಿಸಿಕೊಂಡೆ.