ಪೂಲ್ ಲೈಟ್ ಹಾಕಿದರೆ ಮನೆಯೆಲ್ಲ ಕತ್ತಲು

ಸಕಲೇಶಪುರ ಕಡೆ ಒಂದು ತೋಟದ ಮನೆ. ಮಳೆ ಹಿಡಿದ ಮೇಲೆ ಈಜುಕೊಳದ ಲೈಟ್ ಹಾಕಿದರೆ ಸಾಕು, ಆರ್‌ಸಿಸಿಬಿ (ಹೋದಷ್ಟು ಕರೆಂಟ್ ವಾಪಸ್ ಬಾರದೆ ಎಲ್ಲೋ ಸೋರಿದರೆ ತಾನೇ ಕಡಿಯುವ ಸ್ವಿಚ್) ಬಿದ್ದು ಇಡೀ ಮನೆ ಕತ್ತಲು. ನನಗಿಂತ ಮೊದಲು ಬಂದವರು ಅದನ್ನೇ ಬೈಪಾಸ್ ಮಾಡಿಬಿಡೋಣ ಅಂದಿದ್ದರಂತೆ. ಮಕ್ಕಳು ಇಳಿಯುವ ನೀರು ಸ್ವಾಮಿ! 30 ಮಿಲಿಆಂಪ್ ಸೋರಿದರೆ ಕರೆಂಟ್ ಕಡಿಯಲೆಂದೇ ಅದನ್ನು ಹಾಕಿರುವುದು.

ಯಾರೂ ನೀರಿಗೆ ಇಳಿಯಬೇಡಿ ಅಂತ ಹೇಳಿ ಮೇನ್ ಆಫ್ ಮಾಡಿದೆ. ಆಮೇಲೆ ಸ್ವಲ್ಪ ಯೋಚಿಸಿದೆ.

ಲೈಟ್ 12 ವೋಲ್ಟಿನದು, ಪಂಪ್ ರೂಮಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಅದು ಸರಿಯಾದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಎರಡು ಕಡೆಯ ಸುತ್ತುಗಳಿಗೆ ನೇರ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಲೈಟಿನೊಳಗೆ ನೀರು ಹೋದರೆ ಬೆಳಕು ಮಂಕಾಗಬಹುದು, ಫ್ಯೂಸ್ ಹೋಗಬಹುದು, ಆದರೆ ಡಿಬಿಯಲ್ಲಿ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆ) ಇರುವ ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದು ಬೀಳುತ್ತಿದೆ ಅಂದರೆ ತೊಂದರೆ 230 ವೋಲ್ಟಿನ ಮನೆ ಕರೆಂಟಿನ ಕಡೆ, ಇಲ್ಲವೇ ಟ್ರಾನ್ಸ್‌ಫಾರ್ಮರಿನಲ್ಲೇ. ಜನ ಮಾತ್ರ ಮೊದಲು ನೀರೊಳಗಿನ ಲೈಟನ್ನೇ ಬಿಚ್ಚುತ್ತಾರೆ.

ಇನ್ನೊಂದು ಸುಳಿವನ್ನು ಮನೆಯವರೇ ಕೊಟ್ಟರು. ಲೈಟಿನ ಎಂಸಿಬಿ (ಆ ಲೈನಿನ ಬ್ರೇಕರ್ ಸ್ವಿಚ್) ಆಫ್ ಇದ್ದರೂ ಗೀಸರ್ ಹಾಕಿದಾಗ ಒಮ್ಮೊಮ್ಮೆ ಆರ್‌ಸಿಸಿಬಿ ಬೀಳುತ್ತಿತ್ತಂತೆ. ಇಂಥ ಕಡೆ ಸುಮ್ನೆ ಗೀಸರ್ ಬದಲಾಯಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಬರುವ ವೈರು, ಹಾಗೇ ಉಳಿಯುತ್ತದೆ ಅಲ್ವಾ? ಆ ನ್ಯೂಟ್ರಲ್ ಎಲ್ಲಾದರೂ ಅರ್ಥಿಗೆ ತಾಗಿದ್ದರೆ, ಗೀಸರಿನಂಥ ದೊಡ್ಡ ಲೋಡ್ ಬಂದಾಗ ವಾಪಸ್ ಬರಬೇಕಾದ ಕರೆಂಟಿನಲ್ಲಿ ಒಂದು ಪಾಲು ಅರ್ಥ್ ಹಿಡಿದು ಹೋಗುತ್ತದೆ. ಆರ್‌ಸಿಸಿಬಿ ಬೀಳಲು ಅಷ್ಟು ಸಾಕು.

ಪೂಲಿನ ಫೇಸ್, ನ್ಯೂಟ್ರಲ್ ಎರಡನ್ನೂ ಡಿಬಿಯಿಂದ ಬಿಡಿಸಿದೆ. ಮೇನ್ ಹಾಕಿ ಗೀಸರ್ ಓಡಿಸಿದರೆ ಏನೂ ಬೀಳಲಿಲ್ಲ. ಮತ್ತೆ ಮೇನ್ ಆಫ್ ಮಾಡಿ, ಆ ಕಡೆ ಟ್ರಾನ್ಸ್‌ಫಾರ್ಮರಿನಿಂದಲೂ ವೈರ್ ಬಿಡಿಸಿ, ಮಧ್ಯದ ಕೇಬಲಿಗೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದೆ. ಟ್ರಾನ್ಸ್‌ಫಾರ್ಮರ್ ಬಿಡಿಸದಿದ್ದರೆ ಫೇಸು ನ್ಯೂಟ್ರಲ್ಲು ಸುತ್ತಿನ ಮೂಲಕ ಒಂದೇ ಆಗಿ, ಯಾವುದು ಕೆಟ್ಟಿದೆ ಅಂತ ತಿಳಿಯುವುದಿಲ್ಲ. ಫೇಸ್ ಚೆನ್ನಾಗಿತ್ತು, ನ್ಯೂಟ್ರಲ್ ಹೆಚ್ಚುಕಮ್ಮಿ ಸೊನ್ನೆ, ಅಂದರೆ ಎಲ್ಲೋ ಅರ್ಥಿಗೆ ತಾಗಿದೆ. (ಎಲ್‌ಇಡಿ ಸಿಕ್ಕಿಸಿದ್ದ ಹಾಗೇ 12 ವೋಲ್ಟಿನ ಕಡೆ ಮೆಗ್ಗರ್ ಹಿಡಿಯಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ.)

ಕೇಬಲ್ ಹೋದ ದಾರಿ ಹಿಡಿದು ನೋಡಿದರೆ ಹುಲ್ಲುಹಾಸಿನ ಅಂಚಿನಲ್ಲಿ ಮಣ್ಣಿನಡಿ ಒಂದು ಜಂಕ್ಷನ್ ಬಾಕ್ಸ್. ಒಳಗೆ ಬರೀ ಟೇಪ್ ಸುತ್ತಿದ ಜಾಯಿಂಟು, ಬಾಕ್ಸ್ ತುಂಬ ನೀರು.

ಒಣಗಿಸಿ ಮತ್ತೆ ಟೇಪ್ ಸುತ್ತಿದ್ದರೆ ಮುಂದಿನ ಮಳೆಗೆ ಅದೇ ಕಥೆ. ಡಿಬಿಯಿಂದ ಪಂಪ್ ರೂಮಿನವರೆಗೆ ಜಾಯಿಂಟೇ ಇಲ್ಲದ ಹೊಸ ಕೇಬಲ್ ಎಳೆದೆ. ಪೂಲಿಗೆ ಡಬಲ್ ಪೋಲ್ ಎಂಸಿಬಿ ಹಾಕಿ, ಬೇರೆಯದೇ ಆದ 30 ಮಿಲಿಆಂಪ್ ಆರ್‌ಸಿಸಿಬಿ ಕೊಟ್ಟೆ, ಪೂಲಿನಲ್ಲಿ ಏನಾದರೂ ಆದರೆ ಮನೆ ಕತ್ತಲಾಗಬಾರದಲ್ಲ. ಸ್ಟೀಲ್ ಏಣಿಯ ಅರ್ಥ್ ವೈರ್ ತುಕ್ಕು ಹಿಡಿದು ಕಿತ್ತುಹೋಗಿತ್ತು. ಏಣಿ, ಪಂಪಿನ ಬಾಡಿ ಎರಡನ್ನೂ ತಾಮ್ರದ ವೈರಿನಲ್ಲಿ ಸೇರಿಸಿ ಅರ್ಥಿಗೆ ಕೊಟ್ಟೆ. ಇದರ ಬಗ್ಗೆ ಯಾರೂ ದೂರು ಹೇಳಿರಲಿಲ್ಲ, ಆದರೆ ನನಗೆ ಲೈಟಿಗಿಂತ ಜಾಸ್ತಿ ಭಯವಾದದ್ದು ಆ ಏಣಿ ನೋಡಿ.

ಮನೆಯವರಿಗೆ ಹೇಳಿ ಬಂದದ್ದು ಇಷ್ಟೇ: ಆಗಾಗ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ನೀರಿಗೆ ಇಳಿಯದೆ ಫೋನ್ ಮಾಡಿ.