ಬಾಡಿಗೆಗೆ ಕೊಡಲು ಮನೆ ಕೊಳ್ಳುತ್ತೀರಾ? ಆಷಾಢದಲ್ಲಿ ಹೋಗಿ ನೋಡಿ

ಆಷಾಢದಲ್ಲಿ ನಮ್ಮಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ಅಡ್ವಾನ್ಸ್ ಕೊಡುವುದಕ್ಕೂ ‘ಶ್ರಾವಣ ಬರ್ಲಿ’ ಎನ್ನುತ್ತಾರೆ. ಕೊಳ್ಳಬೇಡಿ, ಸರಿ. ಆದರೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಜನವರಿಯ ಬಿಸಿಲಲ್ಲಿ ಚಿಕ್ಕಮಗಳೂರಿನ ಎಲ್ಲ ಮನೆಯೂ ಚೆಂದವೇ. ಜುಲೈ ಮಳೆ ಒಂದು ವಾರ ಬಿಡದೆ ಹೊಡೆದ ಮೇಲೆ ಹೋದರೆ ಮನೆ ತಾನಾಗಿ ಬಾಯಿಬಿಡುತ್ತದೆ.

ಬಾಡಿಗೆಗೆ ಕೊಡಲೆಂದು ಕೊಂಡ ನನ್ನ ಮೊದಲ ಮನೆಯನ್ನು ನಾನು ನೋಡಿದ್ದು ಮಾರ್ಚ್‌ನಲ್ಲಿ. ಎರಡು ಪೋರ್ಷನ್, ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆ ವಾಸನೆಗೇ ಅನುಮಾನ ಬರಬೇಕಿತ್ತು. ಜುಲೈ ಹೊತ್ತಿಗೆ ಪಡುವಣ ಗೋಡೆಯಲ್ಲಿ ಬಣ್ಣ ಹಪ್ಪಳದಂತೆ ಎದ್ದು, ಬೀರುವಿನ ಹಿಂದೆ ಕರೀ ಬೂಷ್ಟು ಹಿಡಿದಿತ್ತು. ಹಾಗಾಗಿ ಮನೆ ನೋಡಲು ಹೋದಾಗ ಬೀರು, ಮಂಚ ಸರಿಸಿ ನೋಡಿ. ಅಂಗೈಯನ್ನು ಗೋಡೆಗೆ ಒತ್ತಿ ಹತ್ತೆಣಿಸಿ: ತಣ್ಣಗೆ ಅಂಟಿದರೆ ತೇವ ಇದೆ. ನೆಲದಿಂದ ಮೊಣಕಾಲಿನ ಎತ್ತರದವರೆಗೆ ಉಪ್ಪು ಹತ್ತಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ, ಅದು ದುಬಾರಿ ರಿಪೇರಿ. ಸೀಲಿಂಗ್‌ನಲ್ಲಿ ಮಾತ್ರ ಕಲೆ ಇದ್ದರೆ ತಾರಸಿಯ ದೋಷ, ಚೌಕಾಸಿಗೆ ಒಳ್ಳೆಯ ಅಸ್ತ್ರ.

ಕಾಗದಪತ್ರ

ಇ-ಖಾತಾ (ಆಸ್ತಿ ಯಾರದೆಂದು ತೋರಿಸುವ ಡಿಜಿಟಲ್ ದಾಖಲೆ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ನಗರಸಭೆ ವ್ಯಾಪ್ತಿಯಾದರೆ ಅಲ್ಲಿನ ಇ-ಖಾತಾ, ಊರಂಚಿನ ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ಬಿ-ಖಾತಾ (ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯ ಖಾತೆ) ಎಂದರೆ ಹೆಚ್ಚಿನ ಬ್ಯಾಂಕಿನವರು ಮೂಗು ಮುರಿಯುತ್ತಾರೆ. ಇಸಿ, ಅಂದರೆ ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೆ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ಕೃಷಿ ಜಮೀನಿನಲ್ಲಿ ಮಾಡಿದ ಬಡಾವಣೆಯಾದರೆ ಭೂ ಪರಿವರ್ತನೆ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ ಎರಡೂ ಬೇಕು.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಹಿಡಿದು ಹೆಣ್ಣುಮಕ್ಕಳ ಹೆಸರು ಎಣಿಸಿ. ‘ತಂಗೀರಿಗೆಲ್ಲಾ ಮದ್ವೆ ಮಾಡ್ಕೊಟ್ಟಾಯ್ತು, ಅವ್ರೇನೂ ಕೇಳಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರ ಸಹಿ ಕ್ರಯಪತ್ರದಲ್ಲೇ ಇರಲಿ.

ಲೆಕ್ಕ

40 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2 ಲಕ್ಷ. ಅದರ ಮೇಲೆ ಶೇ 10 ಸೆಸ್ 20,000, ನಗರದಲ್ಲಿ ಶೇ 2 ಸರ್‌ಚಾರ್ಜ್ 4,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2, ಅದು 80,000. ಒಟ್ಟು 3,04,000 ರೂಪಾಯಿ. ಈ ಹಣಕ್ಕೆ ಬ್ಯಾಂಕ್ ಸಾಲ ಲೆಕ್ಕ ಹಾಕುವುದಿಲ್ಲ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ, ಹಾಗಾಗಿ ಸಿಗುವುದು ಹೆಚ್ಚೆಂದರೆ 32 ಲಕ್ಷ. ರಿಪೇರಿಗೆ ಮುನ್ನವೇ ಕೈಯಿಂದ 11 ಲಕ್ಷ ಹೋಯಿತು.

ಶೇ 8.5 ಬಡ್ಡಿ, 20 ವರ್ಷ ಎಂದರೆ ಕಂತು ತಿಂಗಳಿಗೆ ಸುಮಾರು 27,800. ಬಾಡಿಗೆ 12,000 ಬಂದರೂ ಉಳಿದದ್ದು ನಿಮ್ಮ ಸಂಬಳದಿಂದಲೇ ಹೋಗಬೇಕು. ‘ಬಾಡಿಗೇಲೇ ಸಾಲ ತೀರುತ್ತೆ’ ಎನ್ನುವ ಬ್ರೋಕರ್‌ಗೆ ಒಂದು ಕಾಫಿ ಕುಡಿಸಿ ಕಳಿಸಿಬಿಡಿ. ಭೋಗ್ಯಕ್ಕೆ ಕೊಟ್ಟು ಆ ಇಡಿಗಂಟನ್ನು ಸಾಲಕ್ಕೆ ಕಟ್ಟುವ ಆಸೆಯೂ ಬೇಡ. ಅದು ಹಿಂದಿರುಗಿಸಬೇಕಾದ ಹಣ, ಅವಧಿ ಮುಗಿದ ದಿನ ಎಲ್ಲಿಂದ ತರುತ್ತೀರಿ?

ರಿಪೇರಿ: ಮೇಲಿನಿಂದ ಕೆಳಕ್ಕೆ

ನಾನು ಮಾಡಿದ ಎರಡನೇ ತಪ್ಪು, ಮಳೆ ಬಿಡುವು ಕೊಟ್ಟಿತೆಂದು ಆಗಸ್ಟ್‌ನಲ್ಲೇ ಬಣ್ಣ ಹೊಡೆಸಿದ್ದು. ಮೇಸ್ತ್ರಿ ಮೊದಲೇ ಹೇಳಿದ್ದರು: ‘ಸಾರ್, ಹಸಿ ಗೋಡೆಗೆ ಬಣ್ಣ ಹೊಡ್ಯೋದೂ ಒಂದೇ, ಹುಣ್ಣಿಗೆ ಪೌಡ್ರು ಹಾಕೋದೂ ಒಂದೇ.’ ಕೇಳಲಿಲ್ಲ. ಆ ದುಡ್ಡು ಮುಂದಿನ ಮಳೆಗಾಲದಲ್ಲಿ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿತ್ತು.

ಮಳೆ ಪೂರ್ತಿ ನಿಂತ ಮೇಲೆ ತಾರಸಿಯಿಂದ ಶುರು ಮಾಡಿ. ನೀರು ಹೋಗುವ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಕೆಳಗೆ ಎಲ್ಲಿ ಜಿನುಗುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಿರುಕು ಮುಚ್ಚಿ, ನೀರು ಪೈಪಿನ ಕಡೆಗೆ ಹರಿಯುವಂತೆ ವಾಟ ಸರಿಮಾಡಿಸಿ, ಪೂರ್ತಿ ಒಣಗಿದ ಮೇಲೆಯೇ ವಾಟರ್‌ಪ್ರೂಫಿಂಗ್. ಇದಾದ ಮೇಲೂ ಮೇಲೆ ಶೀಟ್ ಹಾಕಿಸಲು ಆಗುವುದಾದರೆ ಹಾಕಿಸಿ. ಈ ಊರಲ್ಲಿ ಅದು ಶೋಕಿಯಲ್ಲ, ಮನೆಗೊಂದು ಕೊಡೆ.

ಆಮೇಲೆ ವೈರಿಂಗ್. ಹಳೆಯ ಫ್ಯೂಸ್ ಬೋರ್ಡ್ ಕಿತ್ತು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಹಾಕಿಸಿ. ಗೋಡೆ ತೇವದ ಮನೆಯಲ್ಲಿ ಜೀವ ಉಳಿಸುವ ವಸ್ತು ಅದು. ಗೀಸರ್‌ಗೆ 4 ಚದರ ಮಿ.ಮೀ. ತಂತಿ ಪ್ರತ್ಯೇಕವಾಗಿ ಎಳೆಸಿ. ಎರಡು ಪೋರ್ಷನ್ ಇದ್ದರೆ ಮೆಸ್ಕಾಂನಿಂದ ಎರಡು ಮೀಟರ್ ಮಾಡಿಸುವುದೇ ಲೇಸು. ಒಂದೇ ಮೀಟರ್‌ನ ಬಿಲ್ ಹಂಚುವ ಜಗಳದಲ್ಲಿ ಗೆದ್ದ ಓನರ್‌ನನ್ನು ನಾನಿನ್ನೂ ಕಂಡಿಲ್ಲ.

ಯಗಚಿ ನದಿಯ ನೀರು ನಲ್ಲಿಗೆ ದಿನವೂ ಬಂದೇ ಬರುತ್ತದೆ ಎಂದು ನಂಬಿಕೊಂಡಿರಬೇಡಿ, ಸಂಪು ತೊಳೆಸಿ. ಟೈಲ್ಸ್, ಬಾಗಿಲು, ಕೊನೆಗೆ ಬಣ್ಣ. ಹೊಸ ಗಾರೆಗೆ ಕನಿಷ್ಠ ಒಂದು ವಾರ ನೀರುಣಿಸಿ, ನಾಲ್ಕು ವಾರ ಒಣಗಲು ಬಿಡಿ.

ಕೆಲಸವನ್ನು ಡಿಸೆಂಬರ್‌ಗೆ ತಳ್ಳಬೇಡಿ. ಕಾಫಿ ಕೊಯ್ಲು ಶುರುವಾದರೆ ಕೈಯಾಳುಗಳು ತೋಟದ ಪಾಲು.

ಬಾಡಿಗೆದಾರರು ಬರುವ ಮುನ್ನ

ಸರ್ಕಾರಿ ನೌಕರರ ವರ್ಗಾವಣೆ, ಕಾಲೇಜು ಪ್ರವೇಶ ಎರಡೂ ಬೇಸಿಗೆ ಮುಗಿಯುವ ಹೊತ್ತಿಗೆ ಬರುತ್ತವೆ. ಏಪ್ರಿಲ್ ಕೊನೆಗೆ ಮನೆ ಸಿದ್ಧವಿರಲಿ. ಕರಾರು 11 ತಿಂಗಳಿಗೆ ಮಾಡುವುದು ರೂಢಿ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಹಳೆಯ ಬಾಡಿಗೆದಾರರ ಆಧಾರ್ ಗೃಹಜ್ಯೋತಿಗೆ ಜೋಡಣೆಯಾಗಿದ್ದರೆ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸಬರು ಮೊದಲ ಬಿಲ್ ಹಿಡಿದು ನಿಮ್ಮ ಬಾಗಿಲಿಗೇ ಬರುತ್ತಾರೆ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ತೆರಿಗೆ ಲೆಕ್ಕದಲ್ಲಿ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ರಿಯಾಯಿತಿ ಸಿಗುತ್ತದೆ.

ಅದಕ್ಕೆ ಮುಂಚೆ, ಮಾರ್ಚ್ ಸುಮಾರಿಗೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದಲ್ಲ, ತೋಟದವರೆಲ್ಲ ಆಕಾಶ ನೋಡುತ್ತಿರುವಾಗ ನೀವು ಖಾಲಿ ಮನೆಗೆ ಹೋಗಿ ಬಾಗಿಲು ತೆಗೆಯಿರಿ. ಸೀಮೆಸುಣ್ಣದ ಗುರುತು ಎಲ್ಲೆಲ್ಲಿತ್ತು ಎಂಬುದು ನೆನಪಿರುತ್ತದೆ. ಅಲ್ಲೆಲ್ಲ ಅಂಗೈ ಒತ್ತಿ ಹತ್ತೆಣಿಸಿ.