ಕಲ್ಲಿದ್ದಲಿನ ಒಲೆ ಆರದಂತೆ ಉರಿಯಬೇಕೇ? ಜಾಲರಿಯ ಕೆಳಗೆ ನೋಡಿ

ಕಲ್ಲಿದ್ದಲಿನ ಒಲೆ ಇಟ್ಟುಕೊಂಡವರ ದೊಡ್ಡ ದೂರು ಇದು: ಸಂಜೆ ಚೆನ್ನಾಗಿ ಹತ್ತಿಕೊಂಡಿತ್ತು, ಬೆಳಿಗ್ಗೆ ನೋಡಿದರೆ ಆರಿಹೋಗಿದೆ. ಒಳಗೆ ಅರ್ಧ ಸುಟ್ಟ ಕಲ್ಲಿದ್ದಲು ಹಾಗೇ ಬಿದ್ದಿದೆ. ಆಗ ಎಲ್ಲರೂ ಕಲ್ಲಿದ್ದಲನ್ನೇ ಬೈಯುತ್ತಾರೆ. ಅದು ಕೆಟ್ಟ ಮಾಲು ಇರಲೂಬಹುದು. ಆದರೆ ಹೆಚ್ಚಿನ ಸಲ ತೊಂದರೆ ಇರುವುದು ಜಾಲರಿಯ ಕೆಳಗೆ. ಅಲ್ಲಿಂದ ಗಾಳಿ ಮೇಲೇರುವ ದಾರಿ ಬೂದಿಯಿಂದ ಕಟ್ಟಿಕೊಂಡಿರುತ್ತದೆ.

ಸೌದೆ ಒಲೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಸೌದೆಗೆ ಗಾಳಿ ಮೇಲಿನಿಂದಲೋ ಪಕ್ಕದಿಂದಲೋ ಬಂದರೂ ಸಾಕು, ಬೂದಿಯ ಹಾಸಿನ ಮೇಲೂ ಅದು ಸಲೀಸಾಗಿ ಉರಿಯುತ್ತದೆ. ಕಲ್ಲಿದ್ದಲಿಗೆ ಹಾಗಾಗದು. ಗಾಳಿ ಕೆಳಗಿನಿಂದ ಬಂದು, ಕೆಂಡದ ಪದರವನ್ನು ತೂರಿಕೊಂಡು ಮೇಲೆ ಹೋಗಬೇಕು. ಈ ಒಂದು ವಿಷಯ ಮನಸ್ಸಲ್ಲಿದ್ದರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಹಚ್ಚುವ ಮೊದಲು

ಒಲೆ ಕಲ್ಲಿದ್ದಲಿಗೆಂದೇ ಮಾಡಿದ್ದಾಗಿರಬೇಕು. ಜಾಲರಿ, ಅದರ ಕೆಳಗೆ ಬೂದಿ ಟ್ರೇ, ಟ್ರೇ ಮಟ್ಟದಲ್ಲಿ ಗಾಳಿಯ ಕಿಂಡಿ, ಒಳಗೋಡೆಗೆ ಬೆಂಕಿ ಇಟ್ಟಿಗೆ, ಹೊಗೆಗೆ ಸರಿಯಾದ ಚಿಮಣಿ ಇವಿಷ್ಟು ಬೇಕೇ ಬೇಕು. ಬರೀ ಸೌದೆಗಾಗಿ ಮಾಡಿದ ಒಲೆಯಲ್ಲಿ ಕಲ್ಲಿದ್ದಲು ಹಾಕಬೇಡಿ. ಜಾಲರಿ ಇಲ್ಲದಿದ್ದರೆ ಅದು ಸರಿಯಾಗಿ ಉರಿಯುವುದಿಲ್ಲ. ಉರಿದರೂ ಆ ಕಾವಿಗೆ ಒಲೆಯ ತಗಡು, ಎರಕದ ಭಾಗಗಳು ಸೊಟ್ಟಗಾಗಬಹುದು.

ಬಾಗಿಲಿನ ಸುತ್ತಲಿನ ಹಗ್ಗದಂಥ ಪಟ್ಟಿಯನ್ನೂ ನೋಡಿ. ಅದು ಸವೆದಿದ್ದರೆ ಬೇಡದ ಕಡೆಯಿಂದ ಗಾಳಿ ನುಗ್ಗುತ್ತದೆ, ಬೆಂಕಿ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಒಂದು ಕಾಗದದ ಚೂರನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಪಟ್ಟಿ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಿರಿ. ಇದನ್ನು ಒಲೆ ತಣ್ಣಗಿರುವಾಗಲೇ ಮಾಡಬೇಕು.

ಯಾವ ಕಲ್ಲಿದ್ದಲು?

ಮನೆಯ ಒಲೆಗೆ ಬರುವ ಕಲ್ಲಿದ್ದಲಿನ ಗುಣ ಒಂದೇ ಥರ ಇರುವುದಿಲ್ಲ. ಆಂಥ್ರಸೈಟ್ ಗಟ್ಟಿ, ಹೊಳಪಿನ ಕಲ್ಲಿದ್ದಲು. ಅದರಲ್ಲಿ ಇಂಗಾಲದ ಪಾಲು ಶೇ 86ಕ್ಕಿಂತ ಜಾಸ್ತಿ. ಹತ್ತಿಕೊಳ್ಳುವುದು ನಿಧಾನ, ಆದರೆ ಒಮ್ಮೆ ಹತ್ತಿದರೆ ಹೊಗೆ ಇಲ್ಲದೆ ಗಂಟೆಗಟ್ಟಲೆ ಒಂದೇ ಹದದಲ್ಲಿ ಉರಿಯುತ್ತದೆ. ಬಿಟುಮಿನಸ್ ಕಲ್ಲಿದ್ದಲು ಬೇಗ ಹತ್ತುತ್ತದೆ, ಉದ್ದದ ಹಳದಿ ಜ್ವಾಲೆ ಬರುತ್ತದೆ, ಹೊಗೆ ಮತ್ತು ಮಸಿ ಎರಡೂ ಹೆಚ್ಚು. ಲಿಗ್ನೈಟ್‌ನಲ್ಲಿ ನೀರಿನ ಅಂಶ ತುಂಬ, ಶಾಖ ಕಡಿಮೆ. ಆಯ್ಕೆ ಇದ್ದರೆ ನನ್ನ ಮಾತು ಆಂಥ್ರಸೈಟ್ ಪರ. ಹಚ್ಚುವಾಗಿನ ಕಷ್ಟವನ್ನು ಅದು ಆಮೇಲೆ ತೀರಿಸುತ್ತದೆ, ಚಿಮಣಿಯೂ ಶುದ್ಧವಾಗಿರುತ್ತದೆ.

ತುಂಡಿನ ಗಾತ್ರವೂ ಮುಖ್ಯ. ನಿಮ್ಮ ಒಲೆಗೆ ತಯಾರಕರು ಹೇಳಿದ ಗಾತ್ರವನ್ನೇ ತನ್ನಿ. ತುಂಡುಗಳು ತೀರ ಸಣ್ಣವಾದರೆ, ಪುಡಿ ಜಾಸ್ತಿ ಇದ್ದರೆ, ನಡುವಿನ ಸಂದಿ ತುಂಬಿಕೊಂಡು ಗಾಳಿ ಹಾಯುವುದಿಲ್ಲ. ತೀರ ದೊಡ್ಡವಾದರೆ ತುಂಡುಗಳು ಒಂದಕ್ಕೊಂದು ತಾಗದೆ ಬೆಂಕಿ ಹರಡುವುದಿಲ್ಲ. ಮೂಟೆಯ ತಳದಲ್ಲಿ ಉಳಿಯುವ ಪುಡಿಯನ್ನು ಒಟ್ಟಿಗೇ ಸುರಿಯಬೇಡಿ.

ಹಚ್ಚುವ ಕ್ರಮ

ಚಿಮಣಿಯ ಡ್ಯಾಂಪರ್ (ಹೊಗೆಯ ದಾರಿಯನ್ನು ತೆರೆದು ಮುಚ್ಚುವ ತಗಡು), ಕೆಳಗಿನ ಗಾಳಿ ಕಿಂಡಿ ಎರಡನ್ನೂ ಪೂರ್ತಿ ತೆರೆಯಿರಿ. ಚಿಮಣಿ ತಣ್ಣಗಿದ್ದಾಗ ಅದರೊಳಗಿನ ಭಾರದ ಗಾಳಿ ಹೊಗೆಯನ್ನು ಮನೆಯೊಳಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲು ಒಂದೆರಡು ಕಾಗದದ ಉಂಡೆ ಉರಿಸಿ ಚಿಮಣಿಗೆ ಸ್ವಲ್ಪ ಬಿಸಿ ಮುಟ್ಟಿಸಿ. ಹೊಗೆ ಮೇಲಕ್ಕೆ ಎಳೆದುಕೊಳ್ಳುವುದು ಕಣ್ಣಿಗೆ ಕಾಣಬೇಕು.

ನಂತರ ಒಣ ಪುರಳೆ, ಅದರ ಮೇಲೆ ಸಣ್ಣಗೆ ಸೀಳಿದ ಗಟ್ಟಿ ಮರದ ಸೌದೆ. ಇಲ್ಲಿ ಆತುರ ಬೇಡ. ಸೌದೆ ಉರಿದು ಜಾಲರಿಯ ತುಂಬ ನಿಗಿನಿಗಿ ಕೆಂಡ ಹರಡಿಕೊಳ್ಳುವವರೆಗೂ ಕಾಯಬೇಕು. ಬರೀ ಜ್ವಾಲೆ ನೋಡಿ ಕಲ್ಲಿದ್ದಲು ಹಾಕಿದರೆ ಸೌದೆ ಮುಗಿದ ಕೂಡಲೇ ಬೆಂಕಿಯೂ ಮುಗಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಯಾವುದನ್ನೂ ಒಲೆಗೆ ಸುರಿಯಬಾರದು, ಎಷ್ಟೇ ಅವಸರವಿದ್ದರೂ.

ಕೆಂಡ ಸಿದ್ಧವಾದ ಮೇಲೆ ಕಲ್ಲಿದ್ದಲನ್ನು ತೆಳುವಾಗಿ ಒಂದು ಪದರ ಹರಡಿ. ಬಾಗಿಲು ಹಾಕಿ, ಕೆಳಗಿನ ಗಾಳಿ ತೆರೆದೇ ಇರಲಿ. ಸ್ವಲ್ಪ ಹೊತ್ತಿಗೆ ಚಿಟಪಟ ಸದ್ದು ಕೇಳುತ್ತದೆ, ತುಂಡುಗಳ ಸಂದಿಯಲ್ಲಿ ನೀಲಿ ನಾಲಿಗೆಗಳು ಏಳುತ್ತವೆ. ಆಗ ಇನ್ನೊಂದು ಪದರ. ಅದೂ ಹತ್ತಿದ ಮೇಲೆ ಮತ್ತೊಂದು. ಹೀಗೆ ಬೆಂಕಿ ಇಟ್ಟಿಗೆಯ ಅಂಚಿನವರೆಗೂ ಏರಿಸಿ. ಆಂಥ್ರಸೈಟ್‌ಗೆ ದಪ್ಪ ಹಾಸು ಬೇಕು, ಕನಿಷ್ಠ 10 ಸೆಂಟಿಮೀಟರ್ ಆದರೂ. ಬೆಂಕಿ ಸಣ್ಣಗಿರಲಿ ಎಂದು ಕಲ್ಲಿದ್ದಲು ಕಡಿಮೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ತುಂಡುಗಳು ಪರಸ್ಪರ ಕಾವು ಕೊಡಲಾರದೆ ಆರಿಹೋಗುತ್ತವೆ. ಶಾಖ ಕಡಿಮೆ ಬೇಕಿದ್ದರೆ ಒಲೆಯನ್ನು ತುಂಬಿಸಿಯೇ ಇಟ್ಟು ಗಾಳಿಯನ್ನು ಕಡಿಮೆ ಮಾಡಿ.

ಹಾಸು ಪೂರ್ತಿ ಹತ್ತಿಕೊಂಡ ಮೇಲೆ ಕೆಳಗಿನ ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತ ಬನ್ನಿ. ಒಮ್ಮೆ ಬದಲಿಸಿದರೆ ಅದರ ಪರಿಣಾಮ ಕಾಣಲು ಅರ್ಧ ಗಂಟೆಯಾದರೂ ಬೇಕಾಗುತ್ತದೆ. ಅಷ್ಟರೊಳಗೆ ಮತ್ತೆ ಮತ್ತೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ.

ಆ ನೀಲಿ ಜ್ವಾಲೆ ಏನು ಹೇಳುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಜಾಲರಿಯ ಹತ್ತಿರ ಗಾಳಿಯ ಆಮ್ಲಜನಕ ಬಿಸಿ ಇಂಗಾಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲೇರುವಾಗ ಇನ್ನಷ್ಟು ಕೆಂಪಗಿನ ಕೆಂಡಗಳ ನಡುವೆ ಹಾಯಬೇಕು. ಅಲ್ಲಿ ಮತ್ತೆ ಇಂಗಾಲ ಸೇರಿಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಅನಿಲ ಹಾಸಿನ ಮೇಲ್ಭಾಗಕ್ಕೆ ಬಂದಾಗ ಅಲ್ಲಿ ಗಾಳಿಯೂ ಕಾವೂ ಇದ್ದರೆ ಹೊತ್ತಿಕೊಂಡು ನೀಲಿಯಾಗಿ ಉರಿಯುತ್ತದೆ. ಅಂದರೆ ಆ ನೀಲಿ ನಾಲಿಗೆಗಳು ವಿಷಾನಿಲವನ್ನು ಸುಟ್ಟು ಶಾಖ ಮಾಡುತ್ತಿವೆ. ಅವು ಕಾಣುತ್ತಿದ್ದರೆ ಒಲೆ ನೆಟ್ಟಗಿದೆ.

ಹೊಸ ಕಲ್ಲಿದ್ದಲನ್ನು ಒಮ್ಮೆಲೇ ಸುರಿದು ಕೆಂಡ ಪೂರ್ತಿ ಮುಚ್ಚಿದರೆ ಆ ಜ್ವಾಲೆ ಆರುತ್ತದೆ, ಅನಿಲ ಮಾತ್ರ ಹುಟ್ಟುತ್ತಲೇ ಇರುತ್ತದೆ. ಒಲೆಯೊಳಗೆ ಅದು ಕೂಡಿಕೊಂಡು, ಆಮೇಲೆ ಎಲ್ಲೋ ಒಂದು ಕಿಡಿ ತಾಗಿ ಧಗ್ ಎಂದು ಹೊತ್ತಿಕೊಳ್ಳುತ್ತದೆ. ಬಾಗಿಲು ಅದುರಿ, ಕೊಳವೆಯ ಕೀಲು ಸಡಿಲವಾಗುವಷ್ಟು ಬಲ ಅದಕ್ಕಿರಬಹುದು. ಆದ್ದರಿಂದ ಪ್ರತಿ ಸಲ ಕಲ್ಲಿದ್ದಲು ತುಂಬುವಾಗ ಒಂದು ಮೂಲೆಯಲ್ಲಿ ಕೆಂಪು ಕೆಂಡ ಕಾಣುವಂತೆ ಬಿಡಿ. ಹೊಸ ತುಂಡುಗಳಿಂದ ಏಳುವ ಅನಿಲಕ್ಕೆ ಅಲ್ಲಿಂದಲೇ ಬೆಂಕಿ ಸಿಗುತ್ತದೆ.

ಬಿಟುಮಿನಸ್ ಉರಿಸುವವರಿಗೆ ಈ ಎಚ್ಚರ ಇನ್ನೂ ಮುಖ್ಯ, ಏಕೆಂದರೆ ಅದರಿಂದ ಏಳುವ ಅನಿಲ ಬಹಳ ಜಾಸ್ತಿ. ಅದನ್ನು ಒಂದು ಪಕ್ಕಕ್ಕೆ ಗುಡ್ಡೆ ಮಾಡಿ ಹಾಕುವುದು, ಒಂದೇ ಸಲಕ್ಕೆ ಸ್ವಲ್ಪ ಹಾಕುವುದು, ಹಾಸಿನ ಮೇಲ್ಭಾಗಕ್ಕೆ ಗಾಳಿ ಬಿಡುವ ಮೇಲಿನ ಕಿಂಡಿ ಇದ್ದರೆ ಅದನ್ನು ಸ್ವಲ್ಪ ತೆರೆದಿಡುವುದು ಒಳ್ಳೆಯದು. ಕೆಲವು ಜಾತಿಯ ಬಿಟುಮಿನಸ್ ಕಾದಾಗ ಅಂಟಿಕೊಂಡು ಮೇಲೆ ಹೊಪ್ಪಳೆ ಕಟ್ಟುತ್ತದೆ. ಅದನ್ನು ಸಲಾಕೆಯಿಂದ ಮೆಲ್ಲಗೆ ಒಡೆದು ಗಾಳಿಗೆ ದಾರಿ ಬಿಡಬೇಕು.

ಬೂದಿ ಉದುರಿಸುವ ಹದ

ಇಡೀ ಕೆಲಸದ ಗುಟ್ಟು ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಕಲ್ಲಿದ್ದಲಿನಲ್ಲಿ ಬೂದಿ ಸೌದೆಗಿಂತ ಎಷ್ಟೋ ಪಟ್ಟು ಹೆಚ್ಚು. ಅದು ಜಾಲರಿಯ ಸಂದಿಯಲ್ಲಿ ಕೂತು ಗಾಳಿಯನ್ನು ತಡೆಯುತ್ತದೆ. ದಿನಕ್ಕೆ ಎರಡು ಸಲ, ಕಲ್ಲಿದ್ದಲು ತುಂಬುವ ಹೊತ್ತಿಗೆ, ಜಾಲರಿಯ ಹಿಡಿಯನ್ನು ಅಲ್ಲಾಡಿಸಿ ಬೂದಿ ಉದುರಿಸಬೇಕು. ಚಿಕ್ಕ ಚಿಕ್ಕದಾಗಿ, ಬಿರುಸಾಗಿ ಅಲ್ಲಾಡಿಸಿ. ಉದ್ದುದ್ದ ಎಳೆದರೆ ಹಾಸಿನಲ್ಲಿ ಗುಂಡಿ ಬಿದ್ದು ಒಂದೇ ಕಡೆಯಿಂದ ಗಾಳಿ ನುಗ್ಗುತ್ತದೆ.

ಯಾವಾಗ ನಿಲ್ಲಿಸಬೇಕು? ಟ್ರೇಗೆ ಕೆಂಪು ಕೆಂಡದ ಚೂರುಗಳು ಬೀಳತೊಡಗಿದಾಗ. ಕೆಳಗೆ ಒಂದೇ ಸಮನಾದ ಕೆಂಪು ಬೆಳಕು ಕಂಡರೆ ಅದೂ ಗುರುತೇ. ಅಲ್ಲಿಗೆ ಸಾಕು. ಇನ್ನೂ ಅಲ್ಲಾಡಿಸಿದರೆ ಉರಿಯಬೇಕಾದ ಕೆಂಡವೇ ಟ್ರೇ ಸೇರುತ್ತದೆ. ಕಡಿಮೆ ಅಲ್ಲಾಡಿಸಿದರೆ ರಾತ್ರಿ ಬೆಂಕಿ ಉಸಿರುಗಟ್ಟುತ್ತದೆ. ಮೂಲೆಗಳಲ್ಲಿ ಬೂದಿ ಉಳಿಯುವುದು ಸಾಮಾನ್ಯ. ಒಂದು ಬಾಗಿದ ತೆಳು ಕಂಬಿಯನ್ನು ಕೆಳಗಿನಿಂದ ಸಂದಿಗಳಿಗೆ ತೂರಿಸಿ ಬಿಡಿಸಿ.

ಮೇಲಿನಿಂದ ಕೆದಕುವ ಚಪಲ ಮಾತ್ರ ಬೇಡ, ಅದರಲ್ಲೂ ಆಂಥ್ರಸೈಟ್ ಇದ್ದಾಗ. ಹಾಗೆ ಕೆದಕಿದರೆ ಕೆಳಗಿನ ಬೂದಿ ಅತಿ ಬಿಸಿಯ ಜಾಗಕ್ಕೆ ಬಂದು, ಕರಗಿ, ತಣ್ಣಗಾದಾಗ ಗಾಜಿನಂಥ ಕಿಟ್ಟವಾಗುತ್ತದೆ. ಆ ಕಿಟ್ಟ ಅಲ್ಲಾಡಿಸಿದರೆ ಉದುರದು, ಜಾಲರಿಯನ್ನೂ ಸಿಕ್ಕಿಸಿಬಿಡುತ್ತದೆ. ಅದು ದೊಡ್ಡದಾಗಿ ಬೆಳೆದರೆ ಒಲೆ ಆರಿಸಿ ತೆಗೆಯದೆ ಬೇರೆ ದಾರಿ ಇಲ್ಲ.

ಟ್ರೇಯನ್ನು ದಿನವೂ ಖಾಲಿ ಮಾಡಿ. ಬೂದಿ ಏರಿ ಜಾಲರಿಗೆ ತಾಗಿದರೆ ಕೆಳಗಿನ ತಂಪು ಗಾಳಿ ಜಾಲರಿಗೆ ಸಿಗುವುದಿಲ್ಲ. ಆ ಗಾಳಿಯೇ ಎರಕದ ಕಬ್ಬಿಣವನ್ನು ಕಾಯುತ್ತಿರುವುದು. ಅದಿಲ್ಲದಿದ್ದರೆ ಜಾಲರಿ ಬಗ್ಗುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ.

ರಾತ್ರಿಗೆ ಬೆಂಕಿ ಉಳಿಸಲು

ಮಲಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ಕೆಲಸ ಶುರು ಮಾಡಿ. ಕೆಳಗಿನ ಗಾಳಿ ತೆರೆದು ಬೆಂಕಿಯನ್ನು ಚುರುಕು ಮಾಡಿ. ಬಾಗಿಲನ್ನು ಮೊದಲು ಒಂದಿಷ್ಟೇ ಸರಿಸಿ, ಸ್ವಲ್ಪ ತಡೆದು, ಆಮೇಲೆ ಪೂರ್ತಿ ತೆರೆಯಿರಿ. ಹಾಸು ಹತ್ತಿಕೊಂಡಿದ್ದರೆ ಬೂದಿ ಉದುರಿಸಿ. ಈಗ ಕಲ್ಲಿದ್ದಲು ತುಂಬಿ, ಹಿಂಭಾಗಕ್ಕೆ ಎತ್ತರವಾಗಿ, ಮುಂದೆ ಕೆಂಡ ಕಾಣುವಂತೆ. ನೀಲಿ ಜ್ವಾಲೆ ಎಲ್ಲ ಕಡೆ ಎದ್ದ ಮೇಲೆ ಮಾತ್ರ ಗಾಳಿ ತಗ್ಗಿಸಿ. ಹೀಗೆ ತುಂಬಿದ ಆಂಥ್ರಸೈಟ್ ಒಲೆ 8ರಿಂದ 12 ಗಂಟೆ ಆರಾಮಾಗಿ ಉರಿಯುತ್ತದೆ.

ಚಿಮಣಿಯ ಡ್ಯಾಂಪರನ್ನು ಪೂರ್ತಿ ಮುಚ್ಚಿ ಮಲಗುವುದು ಜೀವಕ್ಕೇ ಅಪಾಯ. ಬೆಂಕಿಯನ್ನು ನಿಧಾನಗೊಳಿಸಬೇಕಾದದ್ದು ಕೆಳಗಿನ ಗಾಳಿಯಿಂದ. ಹೊಗೆಯ ದಾರಿಯನ್ನು ತಡೆದು ಆ ಕೆಲಸ ಮಾಡಬಾರದು.

ಬೆಳಿಗ್ಗೆ ಆರುವ ಹಾಗಿದ್ದರೆ

ಮೇಲೆಲ್ಲ ಬೂದಿ ಬಣ್ಣ, ಒಳಗೆ ಎಲ್ಲೋ ಒಂದಿಷ್ಟು ಕೆಂಪು. ಈ ಸ್ಥಿತಿಯಲ್ಲಿ ಕೈ ಮೊದಲು ಜಾಲರಿಯ ಹಿಡಿಗೇ ಹೋಗುತ್ತದೆ. ತಡೆಯಿರಿ. ಈಗ ಅಲ್ಲಾಡಿಸಿದರೆ ಉಳಿದ ಕೆಂಡವೂ ಉದುರಿಹೋಗುತ್ತದೆ. ಕೆಳಗಿನ ಗಾಳಿ ಪೂರ್ತಿ ತೆರೆದು 10ರಿಂದ 15 ನಿಮಿಷ ಬಿಡಿ. ಕೆಂಪು ಹರಡಿದರೆ ತೆಳುವಾಗಿ ಕಲ್ಲಿದ್ದಲು ಹಾಕಿ. ಹರಡದಿದ್ದರೆ ಒಣ ಸೌದೆ ಚಕ್ಕೆಗಳನ್ನು ಆ ಕೆಂಪಿನ ಮೇಲಿಟ್ಟು ಹೊತ್ತಿಸಿ, ನಂತರ ಕಲ್ಲಿದ್ದಲು. ಹೊಸದು ಚೆನ್ನಾಗಿ ಹಿಡಿದ ಮೇಲೆಯೇ ಬೂದಿ ಉದುರಿಸಿ.

ಹೊರಗೆ ಬೆಚ್ಚಗಿರುವ ದಿನ ಒಲೆ ಮಂಕಾದರೆ ಗಾಬರಿ ಬೇಡ. ಚಿಮಣಿಯ ಎಳೆತ ನಿಂತಿರುವುದೇ ಒಳಗಿನ ಬಿಸಿಗೂ ಹೊರಗಿನ ತಂಪಿಗೂ ಇರುವ ಅಂತರದ ಮೇಲೆ. ಅಂತರ ಕಡಿಮೆಯಾದರೆ ಎಳೆತವೂ ಕಡಿಮೆ. ಅಂಥ ದಿನ ಗಾಳಿಯನ್ನು ಸ್ವಲ್ಪ ಹೆಚ್ಚೇ ತೆರೆದಿಡಬೇಕು. ಹೊಗೆ ಒಳಗೆ ಬರುವಂತಿದ್ದರೆ ಆ ದಿನ ಹಚ್ಚದಿರುವುದೇ ಲೇಸು.

ಕಾಣದ ಅನಿಲ

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬರುವ ಹಾಗಾಗುವುದು, ಮಂಪರು ಇವು ಮೊದಲ ಲಕ್ಷಣಗಳು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ಹೀಗಾದರೆ, ಹೊರಗೆ ಹೋದಾಗ ಸರಿಯೆನಿಸಿದರೆ, ಒಲೆಯ ಮೇಲೇ ಅನುಮಾನ ಇರಲಿ. ತಕ್ಷಣ ಎಲ್ಲರೂ ಹೊರಗೆ ಬನ್ನಿ, ವೈದ್ಯಕೀಯ ನೆರವು ಪಡೆಯಿರಿ.

ಒಲೆ ಇರುವ ಕೋಣೆಯಲ್ಲೂ ಮಲಗುವ ಕೋಣೆಯ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ದಯವಿಟ್ಟು ಇದನ್ನು ಮುಂದೂಡಬೇಡಿ. ಕೋಣೆಗೆ ಹೊರಗಿನ ಗಾಳಿ ಬರುವ ದಾರಿಯನ್ನು ಚಳಿಗೆ ಹೆದರಿ ಮುಚ್ಚಬೇಡಿ. ಚಿಮಣಿ ಇಲ್ಲದ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲನ್ನಾಗಲಿ ಇದ್ದಿಲನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಉರಿಸಲೇಬಾರದು. ಹೊಗೆ ಬರುತ್ತಿಲ್ಲವಲ್ಲ ಎಂದು ಕೆಂಡವನ್ನು ಪಕ್ಕದಲ್ಲಿಟ್ಟು ಮಲಗಿದವರು ಮತ್ತೆ ಏಳದ ಪ್ರಸಂಗಗಳು ಪ್ರತಿ ಚಳಿಗಾಲವೂ ಸುದ್ದಿಯಾಗುತ್ತವೆ.

ಒಲೆಗೆ ಕಸ, ಪ್ಲಾಸ್ಟಿಕ್, ಬಣ್ಣ ಹಚ್ಚಿದ ಮರ ಹಾಕಬೇಡಿ. ವಿಷದ ಹೊಗೆಯೂ ಏಳುತ್ತದೆ, ಲೋಹವೂ ಹಾಳಾಗುತ್ತದೆ.

ಬೂದಿ, ಚಿಮಣಿ ಮತ್ತು ಮಳೆಗಾಲ

ಬೂದಿ ಮುಚ್ಚಿದ ಕೆಂಡ ಎನ್ನುವ ಮಾತು ಟ್ರೇ ಖಾಲಿ ಮಾಡುವಾಗ ನೆನಪಿರಲಿ. ಮೇಲೆ ತಣ್ಣಗೆ ಕಂಡರೂ ಒಳಗಿನ ಕೆಂಡ ಒಂದೆರಡು ದಿನವಾದರೂ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಲೋಹದ ಬಕೆಟ್‌ನಲ್ಲೇ ತುಂಬಿ, ಮನೆಯ ಹೊರಗೆ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲಿಡಿ. ಪ್ಲಾಸ್ಟಿಕ್ ಬಕೆಟ್, ರಟ್ಟಿನ ಪೆಟ್ಟಿಗೆ, ಮರದ ಜಗಲಿ ಯಾವುದೂ ಬೇಡ. ಸೌದೆ ಬೂದಿಯಂತೆ ಇದನ್ನು ತರಕಾರಿ ಗಿಡಗಳ ಬುಡಕ್ಕೆ ಹಾಕುವುದೂ ಬೇಡ. ಆರ್ಸೆನಿಕ್, ಸೀಸದಂಥ ಅಂಶಗಳು ಇದರಲ್ಲಿರಬಹುದು.

ಬೆಂಕಿ ಹಚ್ಚುವ ಕಾಲ ಮುಗಿದಾಗ ಹೊಗೆ ಕೊಳವೆಯನ್ನು ಬಿಚ್ಚಿ, ಒಳಗಿನ ಬೂದಿ ಧೂಳು, ಮಸಿ ಎಲ್ಲ ತೆಗೆಯಿರಿ, ಚಿಮಣಿಯನ್ನು ಬ್ರಷ್‌ನಿಂದ ಉಜ್ಜಿಸಿ. ಇದನ್ನು ಮುಂದಿನ ಚಳಿಗಾಲಕ್ಕೆ ತಳ್ಳಬಾರದು. ಕಲ್ಲಿದ್ದಲಿನ ಗಂಧಕ ಈ ಬೂದಿಯಲ್ಲಿ ಉಳಿದಿರುತ್ತದೆ. ಮಳೆಗಾಲದ ತೇವ ಅದರ ಜೊತೆ ಸೇರಿದರೆ ಆಮ್ಲವಾಗಿ, ಒಂದೇ ಋತುವಿನಲ್ಲಿ ಕೊಳವೆಗೆ ತೂತು ಬೀಳಿಸಬಲ್ಲದು. ಒಲೆಯೊಳಗನ್ನೂ ಗುಡಿಸಿ ಒಣಗಿಸಿ, ಲೋಹದ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಬಾಗಿಲನ್ನು ಸ್ವಲ್ಪ ತೆರೆದಿಡಿ. ಉಳಿದ ಕಲ್ಲಿದ್ದಲನ್ನು ನೀರು ತಾಗದ ಕಡೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಪೇರಿಸಿಡಿ.